ಊರುಗೋಲು ಹಿಡಿದು ಕೋರ್ಟಿಗೆ ಹೋಗಬೇಕೇ?

(ಕಾಸರಕೋಡಿನಲ್ಲಿ ನೀಡಿದ ಜುಮಾ ಪ್ರವಚನದ ಸಂಗ್ರಹ)



ಕಳೆದ ವಾರ ಅಸರ್ ನಮಾಝಿನ ನಂತರ ನಮ್ಮ ಜಮಾಅತಿನ ಒಬ್ಬ ಯುವಕ ನನ್ನ ಬಳಿ ಬಂದು ಕುಳಿತ. ಹೆಸರು ಹೇಳುವುದಿಲ್ಲ. ನಿಮ್ಮಲ್ಲಿ ಹಲವರಿಗೆ ಗೊತ್ತಾಗದೆಯೂ ಇರುವುದಿಲ್ಲ. ಅವನ ಒಪ್ಪಿಗೆ ಕೇಳಿಯೇ ಈ ವಿಷಯವನ್ನು ಮಿಂಬರಿನ ಮೇಲೆ ತಂದಿದ್ದೇನೆ. ಅವನು ಬೋಟಿನಲ್ಲಿ ಕಲಾಸಿಯಾಗಿದ್ದವನು. ಹೆದ್ದಾರಿಯಲ್ಲಿ ಬೈಕಿನಲ್ಲಿ ಬರುತ್ತಿದ್ದಾಗ ಲಾರಿ ತಾಗಿ ಬಲಗಾಲು ಮುರಿಯಿತು. ಒಳಗೆ ರಾಡ್ ಹಾಕಿದರು. ಮೂಳೆ ಕೂಡಿಕೊಂಡಿದೆ, ಮೊಣಕಾಲು ಮಾತ್ರ ಪೂರ್ತಿ ಮಡಚುವುದಿಲ್ಲ. ಪರಿಹಾರದ ಅರ್ಜಿ ನ್ಯಾಯಾಲಯದಲ್ಲಿದೆ, ಬರುವ ಬುಧವಾರ ಅವನು ನ್ಯಾಯಾಧೀಶರ ಮುಂದೆ ಸಾಕ್ಷಿ ಹೇಳಬೇಕು.

ಅವನಿಗೆ ಹಿತೈಷಿಗಳು ಎರಡು ಸಲಹೆ ಕೊಟ್ಟಿದ್ದಾರಂತೆ. ಊರುಗೋಲು ಬಿಟ್ಟು ಎಂಟು ತಿಂಗಳಾದರೂ ಅಂದು ಮಾತ್ರ ಹಿಡಿದುಕೊಂಡೇ ಹೋಗು, ಎಂದು ಒಬ್ಬರು. ಕೇಸು ಮುಗಿಯುವ ತನಕ ಜುಮಾಕ್ಕೂ ಬರಬೇಡ, ವಿಮಾ ಕಂಪನಿಯವರು ಫೋಟೋ ತೆಗೆದರೆ ಕೆಟ್ಟಿತು, ಎಂದು ಇನ್ನೊಬ್ಬರು. ‘ಮೌಲಾನಾ, ನಾನು ಏನು ಮಾಡಲಿ? ಮನೆಯಲ್ಲಿ ಎರಡು ಮಕ್ಕಳಿದ್ದಾರೆ. ಬೋಟಿಗೆ ಹೋಗಲು ಆಗುವುದಿಲ್ಲ’ ಎಂದ.

ಸಹೋದರರೇ, ಅವನನ್ನು ಸುಳ್ಳುಗಾರ ಎಂದು ಯಾರೂ ನೋಡಬೇಡಿ. ಸುಳ್ಳು ಹೇಳಬೇಕೆಂದಿದ್ದವನು ಮಸೀದಿಗೆ ಬಂದು ಕೇಳುವುದಿಲ್ಲ. ಅವನಿಗಿರುವುದು ಭಯ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ನನ್ನ ಹಕ್ಕು ನನಗೆ ಸಿಗಲಿಕ್ಕಿಲ್ಲ ಎಂಬ ಭಯ. ಈ ಭಯ ನಮ್ಮ ಸಮುದಾಯದ ಬಹಳ ಮನೆಗಳಲ್ಲಿದೆ.

ಮೊದಲ ಪ್ರಶ್ನೆಗೆ ಉತ್ತರ ಸ್ಪಷ್ಟವಿದೆ. ಹ. ಉಮ್ಮು ಸಲಮಾ(ರ) ಅವರಿಂದ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ವರದಿಯಾದ ಹದೀಸ್ ನಿಮಗೆ ತಿಳಿದದ್ದೇ. ವ್ಯಾಜ್ಯ ತಂದವರಿಗೆ ಪ್ರವಾದಿವರ್ಯರು(ಸ) ಎಚ್ಚರಿಕೆ ಕೊಟ್ಟರು: ತಾವೂ ಒಬ್ಬ ಮನುಷ್ಯರೇ, ಕೇಳಿದ ಮಾತಿನ ಮೇಲೆ ತೀರ್ಪು ಕೊಡುವವರು, ನಿಮ್ಮಲ್ಲಿ ಒಬ್ಬ ಇನ್ನೊಬ್ಬನಿಗಿಂತ ವಾದದಲ್ಲಿ ಜಾಣನಿರಬಹುದು, ಹಾಗೆ ಜಾಣತನದಿಂದ ಇನ್ನೊಬ್ಬನ ಹಕ್ಕನ್ನು ಪಡೆದವನು ಪಡೆದದ್ದು ಬೆಂಕಿಯ ಒಂದು ತುಂಡನ್ನೇ, ಎಂದು. ಗಮನಿಸಿ, ತೀರ್ಪು ಕೊಡುತ್ತಿರುವವರು ಸ್ವತಃ ಅಲ್ಲಾಹನ ರಸೂಲರು(ಸ)! ಅವರ ಬಾಯಿಂದ ಬಂದ ತೀರ್ಪೂ ಸುಳ್ಳಿನ ಮೇಲೆ ಪಡೆದ ಹಣವನ್ನು ಹಲಾಲ್ ಮಾಡುವುದಿಲ್ಲ ಎಂದ ಮೇಲೆ ನಮ್ಮ ಕೋರ್ಟಿನ ಆದೇಶ ಮಾಡುತ್ತದೆಯೇ? ಎದುರಿಗಿರುವುದು ದೊಡ್ಡ ಕಂಪನಿ, ಅದಕ್ಕೇನು ನಷ್ಟ ಎನ್ನುವವರಿದ್ದಾರೆ. ಹದೀಸಿನಲ್ಲಿ ಕಂಪನಿಗೆ ವಿನಾಯಿತಿ ಇಲ್ಲ.

ಆದ್ದರಿಂದ ಊರುಗೋಲು ಬೇಡ. ಜುಮಾ ಬಿಡುವುದೂ ಬೇಡ. ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುತ್ತಿರುವ ಫೋಟೋ ಯಾರಾದರೂ ತೆಗೆದರೆ ತೆಗೆಯಲಿ. ಅದು ಅವನು ಸಜ್ದಾಕ್ಕೆ ಬಗ್ಗಲಾರ ಎಂಬುದಕ್ಕೆ ಸಾಕ್ಷಿಯೇ ಹೊರತು ಬೇರೇನಲ್ಲ.

ಆದರೆ ಇಷ್ಟು ಹೇಳಿ ಅವನನ್ನು ಕಳುಹಿಸಿದ್ದರೆ ನನ್ನ ಕೆಲಸ ಅರ್ಧವೇ ಆಗುತ್ತಿತ್ತು. ಸತ್ಯವೇ ಗೆಲ್ಲುತ್ತದೆ ಎಂದು ಕೈಕಟ್ಟಿ ಕುಳಿತುಕೊಳ್ಳಲು ದೀನ್ ನಮಗೆ ಕಲಿಸಿಲ್ಲ. ಹ. ಅಲಿ(ರ) ಅವರ ಕವಚ ಕಳೆದುಹೋದ ಪ್ರಸಂಗ ಚರಿತ್ರೆಯ ಗ್ರಂಥಗಳಲ್ಲಿ ಬರುತ್ತದೆ. ಅದು ಬೇರೊಬ್ಬರ ಕೈಯಲ್ಲಿ ಕಂಡಿತು. ವ್ಯಾಜ್ಯ ಖಾಝಿ ಶುರೈಹ್ ಅವರ ಮುಂದೆ ಹೋಯಿತು. ಖಲೀಫರೇ ಫಿರ್ಯಾದಿ, ಹೇಳುತ್ತಿರುವುದು ನಿಜವೇ. ಆದರೆ ಖಾಝಿಗೆ ಬೇಕಾದ ಸಾಕ್ಷಿ ಪೂರೈಸಲಿಲ್ಲ, ತೀರ್ಪು ಅವರ ವಿರುದ್ಧ ಬಂತು. ಹಕ್ಕು ಕೇಳುವವನ ಮೇಲೆ ಸಾಕ್ಷ್ಯದ ಹೊಣೆ ಇದೆ ಎಂಬುದು ನಮ್ಮ ಶರೀಅತಿನ ಮೂಲ ನಿಯಮ. ಒಂಟೆಯನ್ನು ಕಟ್ಟಿಹಾಕಿ ನಂತರ ತವಕ್ಕುಲ್ ಮಾಡು ಎಂಬ ಹದೀಸಿನ ಅರ್ಥವನ್ನು ನಾವು ಮದುವೆ, ವ್ಯಾಪಾರಗಳಿಗೆ ಮಾತ್ರ ಬಳಸುತ್ತೇವೆ. ಕೋರ್ಟಿನ ಫೈಲಿಗೂ ಅದು ಅನ್ವಯಿಸುತ್ತದೆ.

ನಾನು ಅವನ ಕಾಗದಗಳನ್ನು ತರಿಸಿ ನೋಡಿದೆ. ಡಾಕ್ಟರರ ಹಾಳೆಗಳಲ್ಲಿ ಒಂದು ವಿಚಿತ್ರ ಕಂಡಿತು. ತಿಂಗಳು ತಿಂಗಳೂ ತೋರಿಸಲು ಹೋಗಿದ್ದಾನೆ. ಪ್ರತಿ ಸಲವೂ ‘ವಿಶೇಷ ತೊಂದರೆ ಇಲ್ಲ’ ಎಂಬರ್ಥದ ಒಂದು ಸಾಲು. ‘ನಿನಗೆ ನೋವೇ ಇರಲಿಲ್ಲವೇನೋ?’ ಎಂದು ಕೇಳಿದೆ. ‘ರಾತ್ರಿ ನಿದ್ದೆ ಇರಲಿಲ್ಲ ಮೌಲಾನಾ. ಆದರೆ ಡಾಕ್ಟರ್ ಹೇಗಿದ್ದೀಯಾ ಅಂತ ಕೇಳಿದರೆ ಅಲ್‌ಹಮ್ದುಲಿಲ್ಲಾಹ್, ಚೆನ್ನಾಗಿದ್ದೇನೆ ಅನ್ನುತ್ತಿದ್ದೆ’ ಎಂದ.

ನನಗೆ ನಗುವೂ ಬಂತು, ಅಳುವೂ ಬಂತು. ನಮ್ಮಲ್ಲಿ ಎಷ್ಟು ಜನ ಹೀಗೆಯೇ ಇದ್ದೇವೆ! ಹಮ್ದ್ ಹೇಳಿ, ಅದು ಸವಾಬಿನ ಮಾತು. ಹೇಳಿದ ಮೇಲೆ ನೋವು ಎಲ್ಲಿದೆ ಎಂಬುದನ್ನೂ ಹೇಳಿ. ಸಬ್ರ್ ಎಂದರೆ ಮುಚ್ಚಿಡುವುದಲ್ಲ. ಹ. ಅಯ್ಯೂಬ್(ಅ) ಸಹನೆಗೇ ಹೆಸರಾದವರು. ತನಗೆ ಸಂಕಟ ತಟ್ಟಿದೆ ಎಂದು ತನ್ನ ಪ್ರಭುವಿನೊಡನೆ ಬಾಯಿಬಿಟ್ಟು ಹೇಳಿಕೊಂಡದ್ದು ಸೂರಃ ಅಲ್ ಅಂಬಿಯಾದಲ್ಲಿದೆ. ಹ. ಖೌಲಾ(ರ) ತಮ್ಮ ಸಂಸಾರದ ದೂರನ್ನು ಪ್ರವಾದಿವರ್ಯರ(ಸ) ಮುಂದಿಟ್ಟು ಪಟ್ಟುಹಿಡಿದು ವಾದಿಸಿದರು. ಆ ಮಾತನ್ನು ತಾನು ಕೇಳಿದೆನೆಂದು ಅಲ್ಲಾಹನೇ ಹೇಳಿದ, ಒಂದು ಅಧ್ಯಾಯಕ್ಕೆ ಆ ಘಟನೆಯಿಂದಲೇ ‘ಅಲ್ ಮುಜಾದಲಃ’ ಎಂದು ಹೆಸರಾಯಿತು. ಹೇಳಬೇಕಾದವರ ಮುಂದೆ ಹೇಳಬೇಕಾದ್ದನ್ನು ಹೇಳುವುದು ಅಸಹನೆಯಲ್ಲ. ಡಾಕ್ಟರು ಬರೆದಿಟ್ಟದ್ದನ್ನೇ ನಾಳೆ ಎದುರು ವಕೀಲರು ಓದುತ್ತಾರೆ: ‘ನೀವೇ ಚೆನ್ನಾಗಿದ್ದೇನೆ ಎಂದಿದ್ದೀರಲ್ಲ?’

ಇನ್ನು ಶೇಕಡಾ ಲೆಕ್ಕದ ಮಾತು. ಅವನಿಗೆ ಡಾಕ್ಟರು ಬರೆದುಕೊಟ್ಟ ಅಂಗವೈಕಲ್ಯ ಶೇ. 30. ಮೂವತ್ತೇ ಬಂತಲ್ಲ ಎಂದು ಅವನು ಸೋತುಹೋಗಿದ್ದ. ಊರುಗೋಲಿನ ಯೋಚನೆ ಬಂದದ್ದೂ ಅಲ್ಲಿಂದಲೇ. ಆದರೆ ಇದೇ ವಿಷಯದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪಿದೆ, ರಾಜ್‌ಕುಮಾರ್ ಮತ್ತು ಅಜಯ್‌ಕುಮಾರ್ ನಡುವಿನ ಪ್ರಕರಣ. ಬರೆದವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದ ಆರ್.ವಿ. ರವೀಂದ್ರನ್. ಅಪಘಾತ ಪರಿಹಾರದ ಕೇಸುಗಳಲ್ಲಿ ವಕೀಲರು ಇಂದಿಗೂ ಇದನ್ನೇ ಎತ್ತಿ ಹೇಳುತ್ತಾರೆ. ಅದರ ತಿರುಳು ಇಷ್ಟು: ದೇಹದ ವೈಕಲ್ಯದ ಶೇಕಡಾವಾರು ಬೇರೆ, ಸಂಪಾದನೆಯ ಶಕ್ತಿ ಎಷ್ಟು ಹೋಯಿತು ಎಂಬುದು ಬೇರೆ. ಎಡಗೈ ಕಳೆದುಕೊಂಡವನು ಡ್ರೈವರ್ ಅಥವಾ ಬಡಗಿಯಾಗಿದ್ದರೆ ಅವನ ದುಡಿಮೆ ಹೆಚ್ಚುಕಡಿಮೆ ಪೂರ್ತಿಯೇ ಹೋದಂತೆ. ಅದೇ ಕೈ ಕಳೆದುಕೊಂಡ ಸರಕಾರಿ ಗುಮಾಸ್ತ ಅದೇ ಕುರ್ಚಿಯಲ್ಲಿ ಮುಂದುವರಿಯಬಹುದು. ಕೈ ಒಂದೇ, ನಷ್ಟ ಒಂದೇ ಅಲ್ಲ. ಹಾಗಾಗಿ ನ್ಯಾಯಾಧೀಶರು ಮೂರು ವಿಷಯ ನೋಡಬೇಕು: ಅವನು ಈಗ ಯಾವ ಕೆಲಸ ಮಾಡಬಲ್ಲ, ಯಾವುದು ಆಗದು, ಅಪಘಾತದ ಮೊದಲು ಅವನ ಕಸುಬು ಮತ್ತು ವಯಸ್ಸು ಏನು, ಆ ಕಸುಬನ್ನೇ ಮಾಡಬಲ್ಲನೇ, ಕಡಿಮೆ ಆದಾಯದ ಬೇರೆ ಕೆಲಸಕ್ಕೆ ಇಳಿಯಬೇಕೇ ಅಥವಾ ಏನೂ ಆಗದೇ ಎಂಬುದು.

ಫಿಖ್ಹ್ ಓದಿದವರಿಗೆ ಇದು ಹೊಸದಲ್ಲ. ಅಂಗಕ್ಕಾದ ಗಾಯಕ್ಕೆ ಪರಿಹಾರ ನಮ್ಮ ಶರೀಅತಿನಲ್ಲೂ ಇದೆ. ಒಂದು ಬೆರಳಿಗೆ ಹತ್ತು ಒಂಟೆ, ಒಂದು ಕೈಗೆ ಪೂರ್ಣ ದಿಯತಿನ ಅರ್ಧ. ನಿಗದಿಯಾಗದ ಗಾಯಗಳಿಗೆ ತಿಳಿದವರನ್ನು ಕೇಳಿ ಖಾಝಿ ಅಂದಾಜು ಮಾಡುತ್ತಾನೆ, ಅದಕ್ಕೆ ‘ಹುಕೂಮತುಲ್ ಅದ್ಲ್’ ಎನ್ನುತ್ತಾರೆ. ಆದ್ದರಿಂದ ಪರಿಹಾರ ಕೇಳುವುದೆಂದರೆ ಕೈಚಾಚುವುದು ಎಂಬ ನಾಚಿಕೆ ಬೇಡ. (ಪರಿಹಾರದ ಮೊತ್ತದ ಮೇಲೆ ಸೇರಿಸುವ ಬಡ್ಡಿಯ ಬಗ್ಗೆ ಕೇಳಿದವರಿದ್ದಾರೆ. ಅದು ಬೇರೆ ಮಸಅಲಾ, ಉಲಮಾಗಳ ಬಳಿ ಪ್ರತ್ಯೇಕವಾಗಿ ಕೇಳಿಕೊಳ್ಳಿ.)

ನಮ್ಮ ಹುಡುಗನಿಗೆ ನಾನು ಹೇಳಿದೆ: ನಿನ್ನ ಕಾಲಿಗೆ ಮೂವತ್ತು ಎಂದು ಬರೆದಿರಬಹುದು. ಬೋಟಿನ ಮೇಲೆ ಕಲಾಸಿಯ ಕೆಲಸ ಏನೆಂದು ನ್ಯಾಯಾಧೀಶರಿಗೆ ಹೇಗೆ ಗೊತ್ತಾಗಬೇಕು? ನೀನು ಹೇಳಬೇಕು. ತೆರೆಯಲ್ಲಿ ಬೋಟು ಅಲುಗುವಾಗ ಎರಡು ಕಾಲೂರಿ ನಿಲ್ಲಬೇಕು, ಬಲೆ ಎಳೆಯುವಾಗ ಮೊಣಕಾಲು ಮಡಚಿ ಭಾರ ಹಾಕಬೇಕು, ಒದ್ದೆ ಹಲಗೆಯ ಮೇಲೆ ಮೀನಿನ ಬುಟ್ಟಿ ಎತ್ತಬೇಕು, ಬಂದರಿನಲ್ಲಿ ಒಂದು ಬೋಟಿನಿಂದ ಇನ್ನೊಂದಕ್ಕೆ ಹಾರಬೇಕು. ‘ನನಗೆ ಏನೂ ಮಾಡಲು ಆಗುವುದಿಲ್ಲ’ ಎಂದರೆ ಅದು ಸುಳ್ಳು. ಅಂಗಡಿಯಲ್ಲಿ ಕುಳಿತು ಲೆಕ್ಕ ಬರೆಯಬಲ್ಲೆ ಎಂದು ನಿನಗೇ ಗೊತ್ತು. ‘ಎಲ್ಲಾ ಸರಿ ಇದೆ’ ಎಂದರೆ ಅದೂ ಸುಳ್ಳೇ. ಎಷ್ಟು ದೂರ ನಡೆಯುತ್ತೀಯ, ಎಷ್ಟು ಹೊತ್ತು ನಿಲ್ಲುತ್ತೀಯ, ಮೆಟ್ಟಿಲು ಹೇಗೆ ಹತ್ತುತ್ತೀಯ, ಶೌಚಕ್ಕೆ ಹೇಗೆ ಕೂರುತ್ತೀಯ, ಒಳ್ಳೆಯ ದಿನ ಹೇಗೆ, ಕೆಟ್ಟ ದಿನ ಹೇಗೆ, ವಾರದಲ್ಲಿ ಅಂಥ ಕೆಟ್ಟ ದಿನ ಎಷ್ಟು. ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೋ. ಕೋರ್ಟಿನಲ್ಲಿ ಓದುವುದಕ್ಕಲ್ಲ, ನಿನ್ನ ನೆನಪು ನಿನಗೆ ಮೋಸ ಮಾಡದಿರಲಿ ಎಂದು.

ಬರೆಯಲು ಅವನ ಹೆಂಡತಿ ಕುಳಿತಳು. ಅವನು ಮರೆತ ಅರ್ಧದಷ್ಟು ವಿಷಯ ಅವಳಿಗೆ ನೆನಪಿತ್ತು. ಸಾಕ್ಸ್ ಹಾಕಿಕೊಡುವವಳು ಅವಳೇ ತಾನೇ.

ಆದಾಯದ ದಾಖಲೆ ನಮ್ಮ ಕಡಲಿನವರ ದೊಡ್ಡ ಕಷ್ಟ. ಸಂಬಳದ ಚೀಟಿ ಇಲ್ಲ, ಇರುವುದು ಪಾಲು. ಆದರೆ ಬೋಟಿನ ಮಾಲಕರ ಪುಸ್ತಕದಲ್ಲಿ ಲೆಕ್ಕ ಇರುತ್ತದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹಾಕಿದ ಹಣ ಇರುತ್ತದೆ. ಮಾಲಕರು ಬಂದು ಸಾಕ್ಷಿ ಹೇಳಿದರೆ ಅದಕ್ಕೆ ತೂಕ ಬರುತ್ತದೆ. ಈ ಮಸೀದಿಯಲ್ಲಿ ಕುಳಿತಿರುವ ಬೋಟಿನ ಮಾಲಕರಿಗೆ ನನ್ನ ವಿನಂತಿ: ‘ಕೋರ್ಟು ಕಚೇರಿ ನಮಗೆ ಬೇಡಪ್ಪ’ ಎಂದು ಹಿಂದೆ ಸರಿಯಬೇಡಿ. ಸಾಕ್ಷ್ಯವನ್ನು ಬಚ್ಚಿಡುವವನ ಹೃದಯ ಪಾಪಗ್ರಸ್ತ ಎಂದು ಸೂರಃ ಅಲ್ ಬಖರದ 283ನೆಯ ವಚನದಲ್ಲಿ ಅಲ್ಲಾಹನು ಎಚ್ಚರಿಸಿದ್ದಾನೆ. ಆದರೆ ಇದ್ದಷ್ಟೇ ಹೇಳಿ. ಉಪಕಾರ ಮಾಡುವೆನೆಂದು ಹದಿನೈದು ಸಾವಿರವನ್ನು ಮೂವತ್ತು ಸಾವಿರ ಮಾಡಬೇಡಿ. ಪಾಟೀಸವಾಲಿನಲ್ಲಿ ಆ ಒಂದು ಅಂಕಿ ಬಿದ್ದರೆ ಉಳಿದ ಹತ್ತು ನಿಜಗಳೂ ಅದರ ಜೊತೆ ಬೀಳುತ್ತವೆ.

ಮುಖ್ಯ ವಿಚಾರಣೆಯ ಹೇಳಿಕೆಯನ್ನು ಈಗ ಸಾಮಾನ್ಯವಾಗಿ ಪ್ರಮಾಣಪತ್ರದ ರೂಪದಲ್ಲಿ ಮೊದಲೇ ಸಿದ್ಧಪಡಿಸುತ್ತಾರೆ. ಅದು ಇಂಗ್ಲಿಷಿನಲ್ಲಿದ್ದರೆ ವಕೀಲರ ಬಳಿ ಕುಳಿತು, ಸಾಲು ಸಾಲಾಗಿ ಕನ್ನಡದಲ್ಲಿ ಕೇಳಿ ತಿಳಿದ ಮೇಲೆಯೇ ಸಹಿ ಹಾಕಬೇಕು. ಅದು ಆಣೆ. ಆಣೆ ಏನೆಂದು ತಿಳಿಯದೆ ಆಣೆ ಮಾಡುವ ಮುಸಲ್ಮಾನ ಇರಬಾರದು. ಕಟಕಟೆಯಲ್ಲಿ ಪ್ರಶ್ನೆ ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಿ ಎನ್ನಿ. ನೆನಪಿಲ್ಲದಿದ್ದರೆ ನೆನಪಿಲ್ಲ ಎನ್ನಿ. ಎದುರು ವಕೀಲರು ಗಡಸಾಗಿ ಕೇಳುವುದು ಅವರ ವೃತ್ತಿ, ಅದಕ್ಕೆ ಸಿಟ್ಟಾಗಿ ಹೆಚ್ಚು ಮಾತನಾಡಿದರೆ ನಷ್ಟ ನಿಮಗೆ. ಗಾಯದ ಪ್ರಮಾಣಪತ್ರ, ಎಫ್‌ಐಆರ್ ಪ್ರತಿ, ಡಿಸ್ಚಾರ್ಜ್ ಹಾಳೆ, ಎಕ್ಸ್‌ರೇ, ಔಷಧದ ಬಿಲ್ಲು ಎಲ್ಲವೂ ತಾರೀಖಿನ ಕ್ರಮದಲ್ಲಿರಲಿ. ಪ್ಲಾಸ್ಟಿಕ್ ಚೀಲದಲ್ಲಿ ಮುದುಡಿ ಒಯ್ಯಬೇಡಿ. ಕಾಲು ನೋಡಿದ ಡಾಕ್ಟರೇ ಬಂದು ಸಾಕ್ಷಿ ಹೇಳುವುದು ಮುಖ್ಯ. ಚಿಕಿತ್ಸೆಯನ್ನೇ ಮಾಡದವರು ಧಾರಾಳವಾಗಿ ಬರೆದುಕೊಡುವ ಸರ್ಟಿಫಿಕೇಟುಗಳ ಬಗ್ಗೆ ಎಚ್ಚರಿಕೆಯಿಂದಿರಿ ಎಂದು ಆ 2010ರ ತೀರ್ಪಿನಲ್ಲೇ ನ್ಯಾಯಾಧೀಶರಿಗೆ ಹೇಳಲಾಗಿದೆ.

ತೀರ್ಪು ತೃಪ್ತಿಯಾಗದಿದ್ದರೆ ತೊಂಬತ್ತು ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು. ನಮ್ಮ ಜಿಲ್ಲೆಗೆ ಅದು ಧಾರವಾಡದ ಪೀಠ. ಹೊಸದಾಗಿ ಅರ್ಜಿ ಹಾಕುವವರು ನೆನಪಿಡಿ: 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ‘ಗಾಯ ಪೂರ್ತಿ ಮಾಯಲಿ, ಆಮೇಲೆ ನೋಡೋಣ’ ಎನ್ನುವ ಕಾಲ ಹೋಯಿತು.

ಈಗ ಕೋರ್ಟಿಗೆ ಹೋಗದ, ಆದರೆ ಹಕ್ಕು ಇರುವ ಇನ್ನೊಂದು ವರ್ಗದ ಬಗ್ಗೆ ಹೇಳಬೇಕು. ನಮ್ಮ ಮನೆಗಳ ಒಳಕೋಣೆಯಲ್ಲಿ ಕೆಲವು ಮಕ್ಕಳಿದ್ದಾರೆ. ಮಾತು ಬಾರದವರು, ಬುದ್ಧಿ ಬೆಳೆಯದವರು, ಫಿಟ್ಸ್ ಬರುವವರು. ಮದುವೆ ಮನೆಗೆ ಅವರು ಬರುವುದಿಲ್ಲ. ಯಾಕೆಂದರೆ ಅಕ್ಕನ ಸಂಬಂಧ ತಪ್ಪೀತು ಎಂಬ ಹೆದರಿಕೆ. ಆಸ್ಪತ್ರೆಗೂ ಹೋಗಿಲ್ಲ, ಹಾಗಾಗಿ ದಾಖಲೆ ಇಲ್ಲ. ದಾಖಲೆ ಇಲ್ಲ, ಹಾಗಾಗಿ ಸರ್ಟಿಫಿಕೇಟ್ ಇಲ್ಲ. ತಂದೆ-ತಾಯಿ ಕಣ್ಣುಮುಚ್ಚಿದ ಮೇಲೆ ಆ ಮಗುವಿನ ಹೆಸರು ಯಾವ ಕಾಗದದಲ್ಲೂ ಇಲ್ಲ.

ಹ. ಅಬ್ದುಲ್ಲಾ ಇಬ್ನ್ ಉಮ್ಮಿ ಮಕ್ತೂಮ್(ರ) ಅಂಧರು. ಅವರ ನಿಮಿತ್ತವಾಗಿಯೇ ಸೂರಃ ಅಬಸದ ಆರಂಭದ ವಚನಗಳು ಅವತೀರ್ಣವಾದವು. ಮಸ್ಜಿದುನ್ನಬವಿಯಲ್ಲಿ ಅವರು ಅಝಾನ್ ಕೊಟ್ಟವರು; ಪ್ರವಾದಿವರ್ಯರು(ಸ) ಊರಲ್ಲಿಲ್ಲದಾಗ ಮದೀನಾದ ಹೊಣೆ ಹೊತ್ತವರು. ಅವರನ್ನು ಒಳಕೋಣೆಯಲ್ಲಿ ಕೂರಿಸಿರಲಿಲ್ಲ. ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದ ಒಬ್ಬ ಅಂಧ ಯಹೂದಿ ವೃದ್ಧನನ್ನು ಕಂಡು ಹ. ಉಮರ್(ರ) ಮನೆಗೆ ಕರೆದೊಯ್ದು ಕೈಯಲ್ಲಿದ್ದುದನ್ನು ಕೊಟ್ಟರು. ಅಷ್ಟಕ್ಕೇ ಬಿಡದೆ ಬೈತುಲ್ ಮಾಲ್‌ನ ಅಧಿಕಾರಿಗೆ ಹೇಳಿ ಅವನಿಗೂ ಅವನಂಥವರಿಗೂ ವೇತನದ ಏರ್ಪಾಡು ಮಾಡಿದರು ಎಂದು ಇಮಾಮ್ ಅಬೂ ಯೂಸುಫ್(ರಹ್) ತಮ್ಮ ಕಿತಾಬುಲ್ ಖರಾಜ್‌ನಲ್ಲಿ ದಾಖಲಿಸಿದ್ದಾರೆ. ಅಂದು ಅದು ದಾನವಾಗಿರಲಿಲ್ಲ, ಹಕ್ಕಾಗಿತ್ತು.

ಇಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಅದು ಗುರುತಿಸಿದೆ. ಕುಷ್ಠ ವಾಸಿಯಾದವರು, ಆ್ಯಸಿಡ್ ದಾಳಿಗೆ ತುತ್ತಾದವರು, ಪಾರ್ಕಿನ್‌ಸನ್ ಇರುವವರು ಕೂಡ ಅದರಲ್ಲಿದ್ದಾರೆ. ಶೇ. 40 ಮತ್ತು ಮೇಲ್ಪಟ್ಟವರಿಗೆ ರಾಜ್ಯದ ಮಾಸಾಶನವಿದೆ: ಶೇ. 75ಕ್ಕಿಂತ ಕೆಳಗಿದ್ದರೆ 800 ರೂಪಾಯಿ, ಮೇಲಿದ್ದರೆ 1400. ಆದಾಯದ ಷರತ್ತುಗಳಿವೆ. ಮೊತ್ತ ಸಣ್ಣದು, ನಿಜ. ಆದರೆ ಆ ಕಾರ್ಡು ಬಸ್ ಪಾಸಿಗೂ ವಿದ್ಯಾರ್ಥಿವೇತನಕ್ಕೂ ಬೇಕು. ಅರ್ಜಿಗೆ ಯುಡಿಐಡಿ ಪೋರ್ಟಲ್ ಇದೆ. ಹೇಗೆ ಎಂದು ತಿಳಿಯದಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಆಸ್ಪತ್ರೆಯವರು ಕೊಟ್ಟ ಶೇಕಡಾವಾರು ಸರಿಯಿಲ್ಲ ಎನಿಸಿದರೆ ಅದೇ ಕಾಯ್ದೆಯ 59ನೆಯ ಕಲಮಿನಲ್ಲಿ ಮೇಲ್ಮನವಿಗೆ ದಾರಿ ಇದೆ. ಮಾಸಾಶನದ ಅರ್ಜಿಯನ್ನು ತಹಶೀಲ್ದಾರರ ಕಚೇರಿಯಲ್ಲಿ ತಿರಸ್ಕರಿಸಿದರೆ ಭಟ್ಕಳದ ಉಪವಿಭಾಗಾಧಿಕಾರಿಗಳ ಬಳಿ ಹೋಗಬಹುದು. ತಿರಸ್ಕಾರವನ್ನು ಬಾಯಿಮಾತಲ್ಲಿ ಕೇಳಿ ಬರಬೇಡಿ, ಬರಹದಲ್ಲಿ, ಕಾರಣ ಸಹಿತ ಕೇಳಿ ಪಡೆಯಿರಿ. ಕಾರಣ ಗೊತ್ತಿಲ್ಲದೆ ಮೇಲ್ಮನವಿಯಲ್ಲಿ ಏನು ಹೇಳುತ್ತೀರಿ? ಬೆಂಗಳೂರಿನಲ್ಲಿ ವಿಕಲಚೇತನರಿಗಾಗಿಯೇ ರಾಜ್ಯ ಆಯುಕ್ತರಿದ್ದಾರೆ. ವಿಚಾರಣೆಗೆ ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರವೇ ಇದೆ.

ಇಲ್ಲಿಯೂ ದಲ್ಲಾಳಿಗಳಿದ್ದಾರೆ. ‘ಮೂವತ್ತನ್ನು ನಲವತ್ತೈದು ಮಾಡಿಸಿಕೊಡುತ್ತೇನೆ’ ಎನ್ನುತ್ತಾರೆ. ಸುಳ್ಳು ಹೇಳಿ ವಿಕಲಚೇತನರ ಸೌಲಭ್ಯ ಪಡೆದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಎಂದು ಅದೇ ಕಾಯ್ದೆಯ 91ನೆಯ ಕಲಮಿನಲ್ಲಿದೆ. ಆಖಿರತ್ತಿನ ಲೆಕ್ಕ ಬೇರೆ. ಇಂಥ ಒಂದೊಂದು ಸುಳ್ಳು ಸರ್ಟಿಫಿಕೇಟೂ ನಿಜವಾದ ವಿಕಲಚೇತನನ ಮೇಲೆ ಅಧಿಕಾರಿಗೆ ಅನುಮಾನ ಹುಟ್ಟಿಸುತ್ತದೆ. ಆ ಅನುಮಾನದ ಬಲಿ ನಮ್ಮದೇ ಪಕ್ಕದ ಮನೆಯ ಮಗು.

ವಕೀಲರಿಗೆ ದುಡ್ಡಿಲ್ಲ ಎಂಬ ಮಾತಿಗೆ ಉತ್ತರವೂ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ವಿಕಲಚೇತನರಿಗೆ, ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗಬೇಕು. ತಾಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಜಮಾಅತಿಗೆ ಒಂದು ಮಾತು. ಝಕಾತಿನ ಹಣ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಜೊತೆಗೆ ಒಂದು ದಿನ ಹೋಗಿ ಕೋರ್ಟಿನ ಬೆಂಚಿನ ಮೇಲೆ ಕೂರುವುದು ಕಷ್ಟ. ನಮ್ಮಲ್ಲಿ ಮನೆಯೊಳಗೆ ನವಾಯತಿ, ದಖನಿ ಮಾತನಾಡಿ ಕಚೇರಿಯ ಕನ್ನಡಕ್ಕೆ ತಡವರಿಸುವ ಹಿರಿಯರಿದ್ದಾರೆ, ಅವರಿಗೆ ಒಬ್ಬ ಓದಿದ ಹುಡುಗ ಜೊತೆಗಿದ್ದರೆ ಅರ್ಧ ಧೈರ್ಯ. ಇನ್ನು ನಮ್ಮ ವುಝೂಖಾನೆಗೆ ನಾಲ್ಕು ಮೆಟ್ಟಿಲುಗಳಿವೆ, ಹಿಡಿಯಲು ಒಂದು ಕಂಬಿಯೂ ಇಲ್ಲ. ಕಳೆದ ರಮಝಾನಿನಲ್ಲಿ ಎಸಿಯ ಬಗ್ಗೆ ಮೂರು ಸಭೆ ಮಾಡಿದೆವು. ಕಂಬಿಯ ಬಗ್ಗೆ ಒಂದೂ ಮಾಡಲಿಲ್ಲ, ಅದರಲ್ಲಿ ನನ್ನ ತಪ್ಪೂ ಇದೆ.

ಬುಧವಾರ ಬೆಳಗ್ಗೆ ಒಂಬತ್ತೂವರೆಗೆ ಅವನು ಹೊನ್ನಾವರಕ್ಕೆ ಹೊರಡುತ್ತಾನೆ, ಊರುಗೋಲು ಇಲ್ಲದೆ. ಬೋಟಿನ ಮಾಲಕರು ಲೆಕ್ಕದ ಪುಸ್ತಕದೊಂದಿಗೆ ಬರುವುದಾಗಿ ನಿನ್ನೆ ಇಶಾ ನಂತರ ಒಪ್ಪಿದ್ದಾರೆ. ನಾನೂ ಹೋಗುತ್ತೇನೆ. ರಿಕ್ಷಾದಲ್ಲಿ ಇನ್ನೊಬ್ಬರಿಗೆ ಜಾಗವಿದೆ. ಇಂದು ಅಸರ್ ನಂತರ ಒಂದು ಗಂಟೆ ನಾನು ಮಸೀದಿಯಲ್ಲೇ ಇರುತ್ತೇನೆ. ಯಾರ ಮನೆಯಲ್ಲಿ ಅರ್ಜಿ ಹಾಕದ ಮಗುವಿದೆಯೋ ಅವರು ಇರುವ ಕಾಗದವನ್ನು ತನ್ನಿ, ಕಾಗದ ಏನೂ ಇಲ್ಲದಿದ್ದರೆ ಮಗುವನ್ನೇ ಕರೆದುಕೊಂಡು ಬನ್ನಿ.